ವಿಮಾನದ ಟಿಕೆಟ್ ಅಗ್ಗ, ದೋಣಿ ದುಬಾರಿ. ಆದರೂ ದೋಣಿಯೇ ಏಕೆ?

ಪ್ರಶ್ನೆ: ಮೆಡಿಟರೇನಿಯನ್ ಸಮುದ್ರದಲ್ಲಿ ವಲಸಿಗರ ದೋಣಿ ಮುಳುಗಿದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಒಬ್ಬೊಬ್ಬರೂ ದಲ್ಲಾಳಿಗಳಿಗೆ ಸಾವಿರಾರು ಯೂರೊ ಕೊಟ್ಟಿದ್ದರಂತೆ. ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮಗಳು ಕೇಳಿದಳು: “ಅಪ್ಪಾ, ಅಷ್ಟು ದುಡ್ಡಿದ್ರೆ ವಿಮಾನದಲ್ಲೇ ಹೋಗಬಹುದಿತ್ತಲ್ವಾ?” ನನಗೆ ಉತ್ತರ ಹೊಳೆಯಲಿಲ್ಲ. ಗೆಳೆಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ದುಡ್ಡಿರುವವರು ನಿರಾಶ್ರಿತರೇ ಅಲ್ಲ ಎಂದು ಒಬ್ಬರು. ನಿಜವಾದ ನಿರಾಶ್ರಿತ ಮೊದಲು ಸಿಕ್ಕ ಸುರಕ್ಷಿತ ದೇಶದಲ್ಲೇ ನಿಲ್ಲಬೇಕು, ಹಾಗಂತ ಕಾನೂನಿದೆ ಎಂದು ಇನ್ನೊಬ್ಬರು. ಕಾಗದಪತ್ರ ಇಲ್ಲದೆ ಗಡಿ ದಾಟುವುದೇ ಅಪರಾಧ ಎಂದು ಮತ್ತೊಬ್ಬರು. ರಾಯಭಾರ ಕಚೇರಿಗೆ ಹೋಗಿ ಅರ್ಜಿ ಹಾಕಿದರೆ ಆಗದೇ? ಇವರಿಗೆ ಇರುವ ದಾರಿಗಳಾದರೂ ಯಾವುವು?

ಉತ್ತರ: ನಿಮ್ಮ ಮಗಳ ಪ್ರಶ್ನೆ ನೇರವಾಗಿದೆ, ಉತ್ತರವೂ ನೇರವಾಗಿಯೇ ಇದೆ: ಅವರನ್ನು ವಿಮಾನ ಹತ್ತಿಸಿಕೊಳ್ಳುವುದಿಲ್ಲ. ದುಡ್ಡು ಕೊಟ್ಟರೆ ಟಿಕೆಟ್ ಸಿಗುತ್ತದೆ. ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಅದೇಕೆ ಎಂದು ತಿಳಿದರೆ ನಿಮ್ಮ ಗೆಳೆಯರ ಮಾತುಗಳಲ್ಲಿ ಯಾವುದು ಎಷ್ಟು ಸರಿ ಎಂಬುದೂ ತಿಳಿಯುತ್ತದೆ.

ಒಂದು ಜಾಗವನ್ನೇ ನೋಡಿ. ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ ಆಯ್ವಲಿಕ್ ಎಂಬ ಊರಿದೆ. ಅಲ್ಲಿಂದ ಗ್ರೀಸ್‌ನ ಲೆಸ್ಬೊಸ್ ದ್ವೀಪಕ್ಕೆ ಪ್ರವಾಸಿಗರ ಫೆರಿ ಹೋಗುತ್ತದೆ. ಒಂದೂವರೆ ತಾಸಿನ ಆಸುಪಾಸಿನ ಪ್ರಯಾಣ. ಟಿಕೆಟ್ಟಿಗೆ ನೂರು ಯೂರೊ ಕೂಡ ಆಗುವುದಿಲ್ಲ. ಅದೇ ಕರಾವಳಿಯಲ್ಲಿ, ದ್ವೀಪ ಬರೀ ಹತ್ತು ಕಿ.ಮೀ. ದೂರದಲ್ಲಿ ಕಣ್ಣಿಗೆ ಕಾಣುವ ಕಡೆಯಿಂದ, 2015ರಲ್ಲಿ ರಬ್ಬರ್ ದೋಣಿಗಳು ಹೊರಡುತ್ತಿದ್ದವು. ಅದರಲ್ಲಿ ಕೂರಲು ತಲಾ ಸಾವಿರ ಯೂರೊ ಆಸುಪಾಸು. ನೀರು ಅದೇ, ದ್ವೀಪವೂ ಅದೇ. ಬೇರೆಯಿದ್ದದ್ದು ಫೆರಿಯ ಗೇಟಿನಲ್ಲಿ ನಿಂತು ಪಾಸ್‌ಪೋರ್ಟ್ ತಿರುವಿ ನೋಡುವ ಸಿಬ್ಬಂದಿ ಮಾತ್ರ. ಆ ಒಂದು ವರ್ಷದಲ್ಲಿ ಸಮುದ್ರ ದಾಟಿ ಗ್ರೀಸ್ ತಲುಪಿದವರು ಎಂಟೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ನವರು.

ಆ ಸಿಬ್ಬಂದಿ ಸರ್ಕಾರಿ ನೌಕರನಲ್ಲ, ಸಾರಿಗೆ ಕಂಪನಿಯವನು. ಆದರೂ ಗಡಿ ಕಾಯುವ ಕೆಲಸ ಅವನ ಹೆಗಲಿಗೆ ಬಿದ್ದಿದೆ. ಬ್ರಿಟನ್ 1987ರಲ್ಲೇ ಇದಕ್ಕೊಂದು ಕಾಯಿದೆ ಮಾಡಿತು: ಸರಿಯಾದ ದಾಖಲೆ ಇಲ್ಲದ ಪ್ರಯಾಣಿಕನನ್ನು ಕರೆತಂದರೆ ಕಂಪನಿಗೆ ತಲಾ ಸಾವಿರ ಪೌಂಡ್ ದಂಡ. ಐರೋಪ್ಯ ಒಕ್ಕೂಟ 2001ರ ನಿರ್ದೇಶನದಲ್ಲಿ ಇದನ್ನು ಬಿಗಿ ಮಾಡಿತು. ಅದರ ಪ್ರಕಾರ ಸದಸ್ಯ ದೇಶಗಳು ವಿಧಿಸುವ ದಂಡದ ಗರಿಷ್ಠ ಮಿತಿ ತಲಾ 5,000 ಯೂರೊಗಿಂತ ಕಡಿಮೆ ಇರಕೂಡದು, ಇಲ್ಲವೇ ಕನಿಷ್ಠ ಮಿತಿ 3,000ಕ್ಕಿಂತ ಕಡಿಮೆ ಇರಕೂಡದು. ಇದರ ಜತೆಗೆ ಆ ಪ್ರಯಾಣಿಕನನ್ನು ವಾಪಸ್ ಕರೆದೊಯ್ಯುವ ಖರ್ಚೂ ಕಂಪನಿಯದೇ.

ಕೌಂಟರ್‌ನಲ್ಲಿ ಆಗುವುದು ಇಷ್ಟು. ಸಿಬ್ಬಂದಿ ಪಾಸ್‌ಪೋರ್ಟಿನ ರಾಷ್ಟ್ರೀಯತೆ, ಹೋಗುವ ದೇಶ, ನಡುವೆ ಇಳಿಯುವ ನಿಲ್ದಾಣಗಳನ್ನು ಕಂಪ್ಯೂಟರಿಗೆ ಹಾಕುತ್ತಾರೆ. ವಿಮಾನಯಾನ ಸಂಸ್ಥೆಗಳು ಬಳಸುವ ಟಿಮ್ಯಾಟಿಕ್ ಎಂಬ ದತ್ತಾಂಶ ವ್ಯವಸ್ಥೆ ವೀಸಾ ಬೇಕೋ ಬೇಡವೋ ಹೇಳುತ್ತದೆ. ಬೇಕು ಎಂದು ಬಂದು, ವೀಸಾ ಇಲ್ಲವಾದರೆ ಮಾತು ಅಲ್ಲಿಗೇ ಮುಗಿಯಿತು. ಯೂರೋಪಿನ ನಿಲ್ದಾಣದಲ್ಲಿ ಬರೀ ವಿಮಾನ ಬದಲಿಸಲು ಇಳಿದು ಅಲ್ಲೇ ಆಶ್ರಯ ಕೇಳಿಬಿಟ್ಟಾರು ಎಂಬ ಆತಂಕದಿಂದ ಅಫ್ಘಾನಿಸ್ತಾನ, ಎರಿಟ್ರಿಯಾ, ಇರಾಕ್, ಸೊಮಾಲಿಯಾ, ಶ್ರೀಲಂಕಾ ಸೇರಿದಂತೆ ಹನ್ನೆರಡು ದೇಶಗಳವರಿಗೆ ಟ್ರಾನ್ಸಿಟ್ ವೀಸಾ ಕೂಡ ಕಡ್ಡಾಯ. ಅಂತರರಾಷ್ಟ್ರೀಯ ರಕ್ಷಣೆ ಕೋರುವವರ ವಿಷಯದಲ್ಲಿ ದೇಶಗಳಿಗಿರುವ ಹೊಣೆಗೆ ಈ ದಂಡದಿಂದ ಧಕ್ಕೆಯಾಗಬಾರದು ಎಂಬ ಸಾಲು ಅದೇ 2001ರ ನಿರ್ದೇಶನದಲ್ಲಿ ಇದೆ. ಕಾಗದದ ಮೇಲೆ ಚೆಂದ. ಆದರೆ ಎದುರಿಗೆ ನಿಂತವನು ಜೀವಭಯದಿಂದ ಓಡಿಬಂದವನೋ, ಕೆಲಸ ಹುಡುಕಿ ಹೊರಟವನೋ ಎಂದು ಎರಡು ನಿಮಿಷದಲ್ಲಿ ತೀರ್ಮಾನಿಸುವುದು ಟಿಕೆಟ್ ನೋಡುವ ನೌಕರನಿಂದ ಆಗುವ ಕೆಲಸವೇ? ತೀರ್ಮಾನ ತಪ್ಪಿದರೆ ದಂಡ ಕಂಪನಿಗೆ. ಹತ್ತಿಸಿಕೊಳ್ಳದಿದ್ದರೆ ಯಾವ ದಂಡವೂ ಇಲ್ಲ.

ಹಾಗಾದರೆ ವೀಸಾನೇ ತೆಗೆದುಕೊಳ್ಳಬಹುದಲ್ಲ ಎನ್ನುತ್ತೀರಿ. ಯೂರೋಪಿನ ಬಹುಪಾಲು ದೇಶಗಳಿಗೆ ಒಂದೇ ವೀಸಾ ಸಾಲುವ ಷೆಂಗೆನ್ ವ್ಯವಸ್ಥೆಯ ವೀಸಾ ಸಂಹಿತೆಯ 32ನೇ ವಿಧಿ ನೋಡಿ: ಅವಧಿ ಮುಗಿಯುವುದರೊಳಗೆ ಅರ್ಜಿದಾರ ವಾಪಸಾಗುತ್ತಾನೆಯೇ ಎಂಬ ಬಗ್ಗೆ ಸಕಾರಣ ಅನುಮಾನವಿದ್ದರೆ ವೀಸಾ ನಿರಾಕರಿಸಬೇಕು. ಊರು ಹೆಚ್ಚು ಉರಿಯುತ್ತಿದ್ದಷ್ಟೂ ಅರ್ಜಿದಾರ ವಾಪಸಾಗುವುದು ಅನುಮಾನ. ಅಂದರೆ ರಕ್ಷಣೆ ಯಾರಿಗೆ ಹೆಚ್ಚು ಬೇಕೋ ಅವರ ಅರ್ಜಿಯೇ ಮೊದಲು ತಿರಸ್ಕಾರವಾಗುತ್ತದೆ.

ರಾಯಭಾರ ಕಚೇರಿಯ ವಿಷಯವೂ ಇದಕ್ಕೆ ಸೇರಿದ್ದೇ. ಸ್ವಿಟ್ಜರ್ಲೆಂಡ್ ತನ್ನ ರಾಯಭಾರ ಕಚೇರಿಗಳಲ್ಲಿ ಆಶ್ರಯದ ಅರ್ಜಿ ಸ್ವೀಕರಿಸುತ್ತಿತ್ತು. 2012ರಲ್ಲಿ ಅದನ್ನು ನಿಲ್ಲಿಸಿತು. ಅಲೆಪ್ಪೊದ ಒಂದು ಸಿರಿಯನ್ ಕುಟುಂಬ ಬೈರೂತ್‌ನ ಬೆಲ್ಜಿಯಂ ರಾಯಭಾರ ಕಚೇರಿಗೆ ಹೋಗಿ, ಆಶ್ರಯ ಕೇಳುವುದಕ್ಕಾಗಿಯೇ ಮಾನವೀಯ ವೀಸಾ ಕೊಡಿ ಎಂದು ಮುಚ್ಚುಮರೆಯಿಲ್ಲದೆ ಅರ್ಜಿ ಹಾಕಿತು. ಪ್ರಕರಣ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು. ಇಂಥ ವೀಸಾ ಕೊಡಲೇಬೇಕೆಂದು ಒಕ್ಕೂಟದ ಕಾನೂನು ಹೇಳುವುದಿಲ್ಲ, ಕೊಡುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟದ್ದು ಎಂದು 2017ರ ಮಾರ್ಚ್ 7ರಂದು ತೀರ್ಪು ಬಂತು. ಹೀಗಾಗಿ ಸ್ಥಿತಿ ಇದು: ಆಶ್ರಯ ಕೇಳಲು ಆ ದೇಶದ ನೆಲದಲ್ಲೋ ಗಡಿಯಲ್ಲೋ ನಿಂತಿರಬೇಕು, ಅಲ್ಲಿಗೆ ಬರಲು ಕಾನೂನಿನ ದಾರಿ ಕೊಡುವುದಿಲ್ಲ. ದಲ್ಲಾಳಿಯ ಅಂಗಡಿ ನಿಂತಿರುವುದೇ ಈ ಎರಡರ ನಡುವಿನ ಸಂದಿಯಲ್ಲಿ.

ಇದು ಬರೀ ವಾದವಲ್ಲ ಎನ್ನುವುದಕ್ಕೆ ಉಕ್ರೇನ್ ಸಾಕ್ಷಿ. ಉಕ್ರೇನ್ ನಾಗರಿಕರಿಗೆ 2017ರಿಂದಲೇ ಷೆಂಗೆನ್ ದೇಶಗಳಿಗೆ ಅಲ್ಪಾವಧಿಗೆ ವೀಸಾ ಬೇಕಿರಲಿಲ್ಲ. 2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾದಾಗ ಜನ ರೈಲು, ಬಸ್ಸು, ಕಾರು ಹತ್ತಿ ಬಂದರು. 2001ರಲ್ಲಿ ಮಾಡಿಟ್ಟು ಅಲ್ಲಿಯವರೆಗೆ ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣೆಯ ನಿರ್ದೇಶನವನ್ನು ಮಾರ್ಚ್ 4ರಂದು ಜಾರಿಗೆ ತಂದರು. ನಾಲ್ವತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಅದರಡಿ ವಾಸದ ಹಕ್ಕು ಸಿಕ್ಕಿತು. ಒಬ್ಬರೂ ರಬ್ಬರ್ ದೋಣಿ ಹತ್ತಬೇಕಾಗಲಿಲ್ಲ.

ಇನ್ನು ಗೆಳೆಯರ ಮಾತುಗಳು. ದುಡ್ಡಿರುವವರು ನಿರಾಶ್ರಿತರಲ್ಲ ಎಂಬುದು ಸುಳ್ಳು. 1951ರ ನಿರಾಶ್ರಿತರ ಒಪ್ಪಂದದ ವ್ಯಾಖ್ಯೆಯಲ್ಲಿ ಬಡತನದ ಮಾತೇ ಇಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದವರೆಂಬ ಕಾರಣ, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದಕ್ಕಾಗಿ ಕಿರುಕುಳವಾದೀತೆಂಬ ಆಧಾರಸಹಿತ ಭಯ ಇರಬೇಕು, ತನ್ನ ದೇಶದ ಹೊರಗಿರಬೇಕು. ವೈದ್ಯನೂ ನಿರಾಶ್ರಿತನಾಗಬಹುದು, ಕೂಲಿಯವನೂ ಆಗಬಹುದು. ನಿಜಕ್ಕೂ ಕಡುಬಡವರು ಅಷ್ಟು ದೂರ ಹೋಗುವುದೇ ಇಲ್ಲ. 2024ರ ಕೊನೆಗೆ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಬಲವಂತವಾಗಿ ನೆಲೆ ಬಿಟ್ಟವರು 12.3 ಕೋಟಿ, ಅವರಲ್ಲಿ ಸುಮಾರು ಶೇಕಡಾ 60ರಷ್ಟು ಜನ ತಮ್ಮ ದೇಶದೊಳಗೇ ಇದ್ದಾರೆ. ಗಡಿ ದಾಟಿದವರಲ್ಲೂ ಹೆಚ್ಚಿನವರು ಪಕ್ಕದ ದೇಶದಲ್ಲೇ ನಿಲ್ಲುತ್ತಾರೆ.

ದಲ್ಲಾಳಿಗೆ ಕೊಡುವ ದುಡ್ಡು ಕೂಡ ಬಹಳ ಸಲ ಮನೆ ಮಾರಿದ್ದು, ನಂಟರಿಂದ ಸಾಲ ಎತ್ತಿದ್ದು. ಆ ಹಣ ಎಷ್ಟೋ ಸಲ ನೇರ ದಲ್ಲಾಳಿಯ ಕೈಗೆ ಹೋಗುವುದಿಲ್ಲ. ಹವಾಲಾ ಮಾದರಿಯಲ್ಲಿ ಮೂರನೆಯವರ ಅಂಗಡಿಯಲ್ಲಿ ಇಟ್ಟು ಒಂದು ರಹಸ್ಯ ಸಂಖ್ಯೆ ಪಡೆಯುತ್ತಾರೆ. ಆಚೆ ದಡ ಮುಟ್ಟಿದ ಮೇಲೆ ಫೋನಿನಲ್ಲಿ ಆ ಸಂಖ್ಯೆ ಹೇಳಿದರೆ ಹಣ ದಲ್ಲಾಳಿಗೆ ಬಿಡುಗಡೆಯಾಗುತ್ತದೆ. ಮುಳುಗಿದರೆ ಆ ಒಂದು ಸಲದ ದುಡ್ಡು ದಲ್ಲಾಳಿಗೆ ಸಿಗುವುದಿಲ್ಲ. ಹಾಗೆಂದು ಅವನು ಗಟ್ಟಿ ದೋಣಿ ಕೊಡುವುದಿಲ್ಲ. ಹೋದ ದೋಣಿ ವಾಪಸ್ ಬರುವುದಿಲ್ಲವಾದ್ದರಿಂದ ಸಿಕ್ಕ ಅಗ್ಗದ ದೋಣಿಯನ್ನೇ ಕೊಟ್ಟು, ಜನರನ್ನು ಹೆಚ್ಚು ತುಂಬುತ್ತಾನೆ.

ದೋಣಿಯಲ್ಲಿ ಬರುವವರೆಲ್ಲ ನಿರಾಶ್ರಿತರೂ ಅಲ್ಲ, ಇದನ್ನೂ ಹೇಳಬೇಕು. 2024ರಲ್ಲಿ ಇಟಲಿಗೆ ಸಮುದ್ರದಲ್ಲಿ ಬಂದವರಲ್ಲಿ ಮೊದಲ ಸ್ಥಾನ ಬಾಂಗ್ಲಾದೇಶೀಯರದು, ಎರಡನೆಯದು ಸಿರಿಯನ್ನರದು. ಬಾಂಗ್ಲಾದೇಶದ ಹೆಚ್ಚಿನವರು ದುಡಿಮೆಗೆ ಹೊರಟವರು, ಲಿಬಿಯಾವರೆಗೆ ವಿಮಾನದಲ್ಲೇ ಬಂದವರು. ಅವರ ಆಶ್ರಯದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕಾರವಾಗುತ್ತವೆ. ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಬರುವುದಕ್ಕೆ ಕಾರಣ ಬೇರೆ ಬಾಗಿಲು ಇಬ್ಬರಿಗೂ ಇಲ್ಲದಿರುವುದು. ಯಾರು ಏನು ಎಂಬುದು ಒಬ್ಬೊಬ್ಬರ ವಿಚಾರಣೆಯಾದ ಮೇಲೇ ಗೊತ್ತಾಗಬೇಕು, ದೋಣಿಯ ಚಿತ್ರ ನೋಡಿ ಅಲ್ಲ.

ಮೊದಲ ಸುರಕ್ಷಿತ ದೇಶದಲ್ಲೇ ನಿಲ್ಲಬೇಕೆಂಬುದು ಅರ್ಧ ಸತ್ಯ. 1951ರ ಒಪ್ಪಂದದಲ್ಲಿ ಅಂಥ ವಿಧಿ ಇಲ್ಲ. ಇರುವುದು ದೇಶಗಳು ತಮ್ಮೊಳಗೆ ಮಾಡಿಕೊಂಡ ಹಂಚಿಕೆಯ ನಿಯಮಗಳು. ಯೂರೋಪಿನಲ್ಲಿ ಇದಕ್ಕೆ ಡಬ್ಲಿನ್ ನಿಯಮ ಎಂದು ಹೆಸರು. ಮೂಲ ಒಪ್ಪಂದ 1990ರದ್ದು, ಮೂರನೇ ಆವೃತ್ತಿ 2013ರದ್ದು. ಅದರಲ್ಲೂ ಮೊದಲ ಆದ್ಯತೆ ಕುಟುಂಬಕ್ಕೆ: ಒಂಟಿಯಾಗಿ ಬಂದ ಮಗುವಿನ ತಂದೆ ತಾಯಿಯೋ ಅಣ್ಣನೋ ಯಾವ ದೇಶದಲ್ಲಿ ಕಾನೂನುಬದ್ಧವಾಗಿ ಇದ್ದಾರೋ ಆ ದೇಶ. ಆಮೇಲೆ ವೀಸಾ ಕೊಟ್ಟ ದೇಶ. ಅದೂ ಇಲ್ಲವಾದರೆ ಮೊದಲು ಕಾಲಿಟ್ಟ ದೇಶ. ಬೆರಳಚ್ಚು ಯೂರೊಡ್ಯಾಕ್ ಎಂಬ ಸಾಮಾನ್ಯ ಭಂಡಾರಕ್ಕೆ ಹೋಗುವುದರಿಂದ ಮೊದಲು ಎಲ್ಲಿ ಇಳಿದರೆಂಬುದು ಮುಚ್ಚಿಡಲು ಬರುವುದಿಲ್ಲ. ಗುರುತು ಸಿಗದಿರಲೆಂದು ಬೆರಳ ತುದಿ ಸುಟ್ಟುಕೊಂಡವರಿದ್ದಾರೆ.

ಈ ನಿಯಮ ಕೈಕೊಡುವುದಕ್ಕೆ ಕಾರಣ ನಕ್ಷೆಯಲ್ಲಿದೆ. ಮೊದಲು ಸಿಗುವ ದೇಶ ಯಾವಾಗಲೂ ಗ್ರೀಸ್, ಇಟಲಿ, ಸ್ಪೇನ್, ಮಾಲ್ಟಾ. ಗ್ರೀಸ್‌ನ ಬಂಧನ ಕೇಂದ್ರಗಳ ಸ್ಥಿತಿ, ಆಶ್ರಯ ವ್ಯವಸ್ಥೆಯ ಲೋಪ ನೋಡಿ, ಅಲ್ಲಿಗೆ ಒಬ್ಬ ಅಫ್ಘಾನನನ್ನು ವಾಪಸ್ ಕಳಿಸಿದ್ದು ತಪ್ಪು ಎಂದು ಐರೋಪ್ಯ ಮಾನವ ಹಕ್ಕು ನ್ಯಾಯಾಲಯ 2011ರಲ್ಲಿ ಬೆಲ್ಜಿಯಂ ವಿರುದ್ಧ ತೀರ್ಪು ಕೊಟ್ಟಿತು. ಇನ್ನು ‘ಸುರಕ್ಷಿತ’ ಎಂಬ ಮಾತು. ಟರ್ಕಿ 1951ರ ಒಪ್ಪಂದಕ್ಕೆ ಸಹಿ ಹಾಕಿದೆ, ಆದರೆ ಭೌಗೋಳಿಕ ಮಿತಿ ಇಟ್ಟುಕೊಂಡಿದೆ: ಯೂರೋಪಿನಿಂದ ಓಡಿಬಂದವರಿಗೆ ಮಾತ್ರ ಪೂರ್ಣ ನಿರಾಶ್ರಿತರ ಸ್ಥಾನ. ಹಾಗಾಗಿ ಒಂದು ಹಂತದಲ್ಲಿ 36 ಲಕ್ಷದಷ್ಟಿದ್ದ ಸಿರಿಯನ್ನರಿಗೆ ಅಲ್ಲಿ ಸಿಕ್ಕಿದ್ದು ‘ತಾತ್ಕಾಲಿಕ ರಕ್ಷಣೆ’ಯ ಗುರುತಿನ ಚೀಟಿ. ನೋಂದಣಿಯಾದ ಪ್ರಾಂತ್ಯ ಬಿಟ್ಟು ಹೋಗಬೇಕಾದರೆ ಪರವಾನಗಿ ಬೇಕು. ಬಾಂಬು ಬೀಳುವುದಿಲ್ಲ, ನಿಜ. ಆದರೆ ಹತ್ತು ವರ್ಷ ‘ತಾತ್ಕಾಲಿಕ’ವಾಗಿ ಬದುಕುವುದು ಸುರಕ್ಷೆಯ ಒಂದು ಪಾಲು ಮಾತ್ರ.

ಗಡಿ ದಾಟುವುದೇ ಅಪರಾಧ ಎಂಬುದರ ಬಗ್ಗೆ ಅದೇ ಒಪ್ಪಂದದ 31ನೇ ವಿಧಿ ಇದೆ. ಜೀವಕ್ಕೆ ಅಪಾಯವಿರುವ ಕಡೆಯಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ, ಹೀಗೆ ಬಂದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಅಕ್ರಮ ಪ್ರವೇಶಕ್ಕಾಗಿ ನಿರಾಶ್ರಿತರಿಗೆ ಶಿಕ್ಷೆ ವಿಧಿಸಕೂಡದು. ಜಗಳವೆಲ್ಲ ‘ನೇರವಾಗಿ’ ಎಂಬ ಪದದ ಮೇಲೆ. ದಾರಿಯಲ್ಲಿ ಸ್ವಲ್ಪ ಕಾಲ ತಂಗಿದ ಮಾತ್ರಕ್ಕೆ ಈ ರಕ್ಷಣೆ ತಪ್ಪುವುದಿಲ್ಲ ಎಂದು ಬ್ರಿಟನ್‌ನ ಹೈಕೋರ್ಟ್ 1999ರಲ್ಲಿ ಹೇಳಿತು. ಅದೇ ಬ್ರಿಟನ್ 2022ರ ಕಾಯಿದೆಯಲ್ಲಿ ಆ ಅರ್ಥವನ್ನು ಕಿರಿದು ಮಾಡಿತು. ನೆನಪಿಡಬೇಕಾದ್ದು, ಈ ವಿಧಿ ತಪ್ಪಿಸುವುದು ಶಿಕ್ಷೆಯನ್ನು ಮಾತ್ರ. ಅರ್ಜಿ ತಿರಸ್ಕಾರವಾದರೆ ಹೊರಹಾಕುವುದನ್ನು ಅದು ತಡೆಯುವುದಿಲ್ಲ.

ದಾರಿಗಳ ಬಗ್ಗೆ ಕೇಳಿದಿರಿ. ವಿಶ್ವಸಂಸ್ಥೆಯ ಮೂಲಕ ಪುನರ್ವಸತಿ ಎಲ್ಲಕ್ಕಿಂತ ಸುರಕ್ಷಿತ, ಎಲ್ಲಕ್ಕಿಂತ ಇಕ್ಕಟ್ಟು ಕೂಡ. ಅದಕ್ಕೆ ಯಾರೂ ತಾವಾಗಿ ಅರ್ಜಿ ಹಾಕುವಂತಿಲ್ಲ. ಸಾಮಾನ್ಯವಾಗಿ ಮೊದಲ ಆಶ್ರಯದ ದೇಶದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೆಸರು ಆರಿಸಿ ಕಳಿಸುತ್ತದೆ, ಕರೆಸಿಕೊಳ್ಳುವ ದೇಶ ತನ್ನ ಕೋಟಾದೊಳಗೆ ಮತ್ತೆ ಆರಿಸುತ್ತದೆ. ಒಂದು ವರ್ಷದಲ್ಲಿ ನೂರು ನಿರಾಶ್ರಿತರಲ್ಲಿ ಒಬ್ಬರಿಗೂ ಈ ಅವಕಾಶ ಸಿಗುವುದಿಲ್ಲ. ಅಮೆರಿಕ 2025ರ ಜನವರಿಯಲ್ಲಿ ತನ್ನ ಕಾರ್ಯಕ್ರಮವನ್ನೇ ಅಮಾನತಿನಲ್ಲಿಟ್ಟಾಗ ಪ್ರಯಾಣ ನಿಗದಿಯಾಗಿದ್ದವರೂ ಅಲ್ಲಲ್ಲೇ ಉಳಿದರು.

ಕುಟುಂಬ ಸೇರ್ಪಡೆ ಹೆಚ್ಚು ಜನಕ್ಕೆ ದಕ್ಕುವ ದಾರಿ, ಎಡವುವುದು ದಿನಾಂಕದ ಲೆಕ್ಕದಲ್ಲಿ. ಐರೋಪ್ಯ ನಿರ್ದೇಶನದ ಪ್ರಕಾರ ನಿರಾಶ್ರಿತರ ಸ್ಥಾನ ಸಿಕ್ಕ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಆದಾಯ, ಮನೆ, ವಿಮೆ ಇವುಗಳ ಪುರಾವೆ ಕೇಳುವಂತಿಲ್ಲ. ತಡವಾದರೆ ದೇಶಗಳು ಕೇಳಬಹುದು, ಕೇಳುತ್ತವೆ. ಹುಡುಗನೊಬ್ಬ 17ರ ವಯಸ್ಸಿನಲ್ಲಿ ಅರ್ಜಿ ಹಾಕಿ, ತೀರ್ಮಾನ ಬರುವಷ್ಟರಲ್ಲಿ 18 ತುಂಬಿದರೆ ತಂದೆ ತಾಯಿಯನ್ನು ಕರೆಸಿಕೊಳ್ಳುವ ಹಕ್ಕು ಹೋಯಿತೆನ್ನುತ್ತಿದ್ದರು. ಆಶ್ರಯದ ಅರ್ಜಿ ಹಾಕಿದ ದಿನದ ವಯಸ್ಸೇ ಲೆಕ್ಕ ಎಂದು 2018ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಸ್ಪಷ್ಟಪಡಿಸಿತು. ನಿರಾಶ್ರಿತರ ಸ್ಥಾನಕ್ಕಿಂತ ಕೆಳಗಿನ, ಯುದ್ಧದಂಥ ಅಪಾಯಕ್ಕಾಗಿ ಕೊಡುವ ‘ಪೂರಕ ರಕ್ಷಣೆ’ ಸಿಕ್ಕವರಿಗೆ ಈ ಹಕ್ಕು ಗಟ್ಟಿಯಲ್ಲ. ಜರ್ಮನಿ 2025ರ ಜುಲೈಯಿಂದ ಎರಡು ವರ್ಷ ಅದನ್ನು ನಿಲ್ಲಿಸಿದೆ.

ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾದಲ್ಲಿ ಬಂದು ಆಮೇಲೆ ಆಶ್ರಯ ಕೇಳುವವರೂ ಇದ್ದಾರೆ. ಜೀವಕ್ಕೆ ಇದು ಸುರಕ್ಷಿತ. ಅಪಾಯವಿರುವುದು ಕಡತದಲ್ಲಿ: ವೀಸಾ ಅರ್ಜಿಯಲ್ಲಿ ಬರೆದದ್ದಕ್ಕೂ ವಿಚಾರಣೆಯಲ್ಲಿ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಉಳಿದ ಮಾತನ್ನೂ ನಂಬುವುದಿಲ್ಲ. ಇದಲ್ಲದೆ ಸಣ್ಣ ಮಟ್ಟದ ಮಾನವೀಯ ದಾರಿಗಳಿವೆ. ಇಟಲಿಯಲ್ಲಿ ಚರ್ಚ್ ಸಂಘಟನೆಗಳು 2016ರಿಂದ ಲೆಬನಾನ್‌ನಲ್ಲಿದ್ದ ಸಿರಿಯನ್ನರನ್ನು ವಿಮಾನದಲ್ಲೇ ಕರೆಸಿಕೊಂಡಿವೆ. ಕೆನಡಾದಲ್ಲಿ ನಾಗರಿಕರ ಗುಂಪುಗಳು ಖರ್ಚು ಹೊತ್ತು ನಿರಾಶ್ರಿತರನ್ನು ಕರೆಸುವ ಪದ್ಧತಿ 1979ರಿಂದ ನಡೆದಿದೆ. ಕೆಲಸ ಮಾಡುವ ಪದ್ಧತಿಗಳು ಇವು, ಅನುಮಾನವಿಲ್ಲ; ಸಂಖ್ಯೆ ಮಾತ್ರ ಸಾಲದು.

ಉಳಿದದ್ದು ದೋಣಿ. ಲಿಬಿಯಾದ ಜುವಾರಾದಿಂದ ಇಟಲಿಯ ಲಂಪೆಡೂಸಾ ದ್ವೀಪಕ್ಕೆ ಸುಮಾರು 290 ಕಿ.ಮೀ. ನೂರಕ್ಕೂ ಹೆಚ್ಚು ಜನ ತುಂಬಿದ ಹತ್ತು ಹನ್ನೆರಡು ಮೀಟರಿನ ರಬ್ಬರ್ ದೋಣಿ, 40 ಅಶ್ವಶಕ್ತಿಯ ಒಂದೇ ಮೋಟಾರಿನಲ್ಲಿ ಗಂಟೆಗೆ ಏಳೆಂಟು ಕಿ.ಮೀ. ಹೋದರೆ ಹೆಚ್ಚು. ಅಂದರೆ 36ರಿಂದ 40 ತಾಸು. ಅಷ್ಟು ಪೆಟ್ರೋಲು ಅದರಲ್ಲಿ ಇರುವುದಿಲ್ಲ. ನಡುವೆ ಯಾರಾದರೂ ಎತ್ತಿಕೊಳ್ಳುತ್ತಾರೆ ಎಂಬುದೇ ಲೆಕ್ಕಾಚಾರ. ಸುರಕ್ಷಿತವೆಂದು ಹೆಂಗಸರು ಮಕ್ಕಳನ್ನು ನಡುವೆ ಕೂರಿಸುತ್ತಾರೆ. ಕ್ಯಾನುಗಳಿಂದ ಚೆಲ್ಲಿದ ಪೆಟ್ರೋಲು ಉಪ್ಪುನೀರಿನೊಂದಿಗೆ ಬೆರೆತು ನಿಲ್ಲುವುದೂ ಅಲ್ಲೇ; ತಾಸುಗಟ್ಟಲೆ ಅದರಲ್ಲಿ ಕೂತವರ ತೊಡೆ, ಬೆನ್ನಿನ ಚರ್ಮ ಸುಟ್ಟು ಸುಲಿಯುತ್ತದೆ. ಬಟ್ಟೆಗೆ ಹಿಡಿದಿರುವುದರಿಂದ ಮೇಲೆತ್ತಿದ ಮೇಲೂ ಬಟ್ಟೆ ಬಿಚ್ಚಿ ತೊಳೆಯುವವರೆಗೆ ಸುಡುವುದು ನಿಲ್ಲದು. ಜೀವರಕ್ಷಕ ಅಂಗಿಯನ್ನೂ ನಂಬುವಂತಿಲ್ಲ. 2016ರ ಜನವರಿಯಲ್ಲಿ ಟರ್ಕಿಯ ಇಜ್ಮಿರ್‌ನ ಒಂದು ಕಾರ್ಖಾನೆಯಲ್ಲಿ ಪೊಲೀಸರು 1,200ಕ್ಕೂ ಹೆಚ್ಚು ನಕಲಿ ಅಂಗಿ ವಶಪಡಿಸಿಕೊಂಡರು. ತೇಲುವ ಬೆಂಡಿನ ಬದಲು ನೀರು ಹೀರುವ ಪ್ಯಾಕಿಂಗ್ ಸ್ಪಂಜು ತುಂಬಿತ್ತು. 2014ರಿಂದೀಚೆಗೆ ಮೆಡಿಟರೇನಿಯನ್‌ನಲ್ಲಿ ಸತ್ತವರು, ಕಾಣೆಯಾದವರು 30 ಸಾವಿರಕ್ಕೂ ಹೆಚ್ಚು.

ಒಂದು ದಾರಿ ಮುಚ್ಚಿದರೆ ಜನ ನಿಲ್ಲುವುದಿಲ್ಲ, ಉದ್ದದ ದಾರಿ ಹಿಡಿಯುತ್ತಾರೆ. ಟರ್ಕಿ ಜತೆಗಿನ ಎವ್ರೊಸ್ ನದಿಯ ಗಡಿಯಲ್ಲಿ, ನದಿ ಇಲ್ಲದ ಹನ್ನೆರಡು ಕಿ.ಮೀ. ತುಂಡಿಗೆ ಗ್ರೀಸ್ 2012ರಲ್ಲಿ ಬೇಲಿ ಹಾಕಿತು. ಹರಿವು ದ್ವೀಪಗಳ ಕಡೆ ತಿರುಗಿತು. ವಲಸಿಗರನ್ನು ನಡುಸಮುದ್ರದಿಂದ ಲಿಬಿಯಾಕ್ಕೆ ವಾಪಸ್ ಕಳಿಸಿದ್ದು ತಪ್ಪು ಎಂದು 2012ರಲ್ಲಿ ಮಾನವ ಹಕ್ಕು ನ್ಯಾಯಾಲಯ ಹೇಳಿದ ಮೇಲೆ ಇಟಲಿ ಉಪಾಯ ಬದಲಿಸಿತು. 2017ರ ಒಪ್ಪಂದದಡಿ ಲಿಬಿಯಾದ ಕರಾವಳಿ ಪಡೆಗೇ ಹಡಗು, ತರಬೇತಿ ಕೊಟ್ಟಿತು. ಹಿಡಿದು ಒಯ್ಯುವವರು ಅವರು, ತೀರ್ಪು ತಟ್ಟುವುದಿಲ್ಲ. 2023ರಲ್ಲಿ ಐರೋಪ್ಯ ಒಕ್ಕೂಟ ಟ್ಯುನೀಶಿಯಾ ಜತೆ ಒಪ್ಪಂದ ಮಾಡಿಕೊಂಡಿತು, ಮರುವರ್ಷ ಇಟಲಿಗೆ ಬಂದವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ 2024ರಲ್ಲಿ ಅಟ್ಲಾಂಟಿಕ್‌ನಲ್ಲಿರುವ ಸ್ಪೇನ್‌ನ ಕೆನರಿ ದ್ವೀಪಗಳಿಗೆ ಬಂದವರು 46 ಸಾವಿರಕ್ಕೂ ಹೆಚ್ಚು, ಅಲ್ಲಿಯವರೆಗಿನ ದಾಖಲೆ. ಅವೆರಡರ ಜನ ಪೂರ್ತಿ ಒಂದೇ ಅಲ್ಲ, ಆದರೆ ದಲ್ಲಾಳಿಗಳಿಗೆ ಯಾವ ದಂಡೆ ಸಡಿಲವಿದೆ ಎಂಬುದು ಬೇಗ ಗೊತ್ತಾಗುತ್ತದೆ. ಮೌರಿಟೇನಿಯಾದಿಂದ ಕಯುಕೊ ಎಂಬ ಉದ್ದನೆಯ ಮರದ ಮೀನುದೋಣಿಯಲ್ಲಿ ಸುಮಾರು 800 ಕಿ.ಮೀ. ದಾರಿ. ದ್ವೀಪ ತಪ್ಪಿಹೋದರೆ ಮುಂದೆ ಅಮೆರಿಕ ಖಂಡದವರೆಗೂ ನೆಲವಿಲ್ಲ. ಅಂಥದ್ದೊಂದು ದೋಣಿ 2021ರಲ್ಲಿ ಕೆರಿಬಿಯನ್‌ನ ಟೊಬೇಗೊ ಬಳಿ ಶವಗಳೊಂದಿಗೆ ತೇಲಿಬಂತು.

ಸರ್ಕಾರಗಳ ಅಳುಕು ಸುಳ್ಳಲ್ಲ. ಕೌಂಟರಿನ ತಡೆ ತೆಗೆದರೆ ಎಷ್ಟು ಜನ ಬಂದಾರು, ಅರ್ಜಿ ತಿರಸ್ಕಾರವಾದವರನ್ನು ವಾಪಸ್ ಕಳಿಸಲು ಆದೀತೇ ಎಂಬ ಪ್ರಶ್ನೆಗೆ ಚುನಾವಣೆ ಎದುರಿಸುವ ಯಾವ ಪಕ್ಷವೂ ಧೈರ್ಯವಾಗಿ ಉತ್ತರ ಕೊಡಲಾರದು. ಒಕ್ಕೂಟ 2024ರ ಮೇನಲ್ಲಿ ಅಂಗೀಕರಿಸಿದ ಹೊಸ ವಲಸೆ ಮತ್ತು ಆಶ್ರಯ ಒಡಂಬಡಿಕೆಗೆ ಅನ್ವಯದ ದಿನಾಂಕ 2026ರ ಜೂನ್ 12. ಆಶ್ರಯ ಸಿಗುವ ಪ್ರಮಾಣ ಶೇ 20 ಅಥವಾ ಅದಕ್ಕಿಂತ ಕಡಿಮೆ ಇರುವ ದೇಶದವರ ಅರ್ಜಿಯನ್ನು ಗಡಿಯಲ್ಲೇ ಹನ್ನೆರಡು ವಾರದೊಳಗೆ ಮುಗಿಸಬೇಕು. ಮೊದಲು 14 ವರ್ಷದಿಂದ ಪಡೆಯುತ್ತಿದ್ದ ಬೆರಳಚ್ಚನ್ನು ಇನ್ನು 6 ವರ್ಷದ ಮಕ್ಕಳಿಂದಲೂ, ಮುಖದ ಚಿತ್ರದೊಂದಿಗೆ ಪಡೆಯಬೇಕು. ಮುಂಚೂಣಿ ದೇಶಗಳಿಗೆ ಉಳಿದವರು ಜನರನ್ನು ಹಂಚಿಕೊಂಡೋ ಹಣ ಕೊಟ್ಟೋ ನೆರವಾಗಬೇಕು. ವಿಮಾನ ಕಂಪನಿಗಳ ಮೇಲಿನ 2001ರ ದಂಡದ ನಿಯಮಕ್ಕೆ ಅದು ಕೈ ಹಚ್ಚಿಲ್ಲ. ಆಯ್ವಲಿಕ್‌ನ ಫೆರಿ ಗೇಟಿನಲ್ಲಿ ನಿಂತವನ ಕೆಲಸ ಹಿಂದೆ ಹೇಗಿತ್ತೋ ಹಾಗೇ ಇದೆ.